ಅಲುಗದ ಸ್ಟ್ಯಾಂಡು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕೂದಲಕ್ಕ ಎನ್ನುತ್ತಿದ್ದರು. ತಲೆಯ ಮೇಲಿದ್ದದ್ದು ಬೆರಳಿನ ಗಾತ್ರದ ಜಡೆ. ಹೆಸರು ಬಂದದ್ದು ಅದರಿಂದಲ್ಲ. ಯಾರು ಯಾವ ಬಿಡಿಭಾಗ ಮಾಡಿ ತಂದರೂ ಬೆಳಕಿಗೆ ಹಿಡಿದು, "ಒಂದು ಕೂದಲೆಳೆ ಜಾಸ್ತಿ ಇದೆ ನೋಡು" ಎನ್ನುವುದು ಅವಳ ಅಭ್ಯಾಸ. ಅಳೆದರೆ ಬಹಳ ಸಲ ಅಷ್ಟೇ ಇರುತ್ತಿತ್ತು. ಇರದಿದ್ದಾಗ ಅಳೆಯುವ ಸಾಧನವೇ ಸವೆದಿದೆ ಎಂದು ವಾದಿಸುತ್ತಿದ್ದಳು.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಅವಳು ಆ ಕೆಲಸ ಬಿಟ್ಟಳು. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ನೋಡಿಕೊಳ್ಳಲು ಬೇರೆ ದಿಕ್ಕಿರಲಿಲ್ಲ. ಅತ್ತೆ ಸೊಸೆ ಎಂದೂ ಹಾಲು ಸಕ್ಕರೆಯಂತೆ ಇದ್ದವರಲ್ಲ. "ಎಣ್ಣೆ ಮೆತ್ತಿದ ಕೈಯಲ್ಲೇ ಊಟ ಬಡಿಸ್ತಾಳೆ" ಎಂದು ಅತ್ತೆ ಬಂದವರೆದುರೆಲ್ಲ ಹೇಳಿಕೊಂಡದ್ದನ್ನು ಸೊಸೆ ಮರೆತಿರಲಿಲ್ಲ. ಆದರೂ ಹಾಸಿಗೆ ಹಿಡಿದವಳನ್ನು ಎತ್ತಿ ಕೂರಿಸಿದಳು, ಮೈ ಒರೆಸಿದಳು.

ಸುಮ್ಮನೆ ಕೂರುವ ಜೀವವಲ್ಲ. ಹಳೆಯದೊಂದು ಚಿಕ್ಕ ಮಿಲ್ಲಿಂಗ್ ಮಷೀನು ಕೊಂಡು ಮುಂದಿನ ಕೋಣೆಯಲ್ಲಿ ಊಟದ ಮೇಜಿನ ಮೇಲೆ ಕೂರಿಸಿದಳು. ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದಿಟ್ಟು, ತಿರುಗುವ ಹಲ್ಲುಗಳಿಂದ ಪದರ ಪದರವಾಗಿ ಕೆತ್ತುವ ಯಂತ್ರ ಅದು. ಪಂಪು ರಿಪೇರಿಯವರು ಕೆಲಸ ಕೊಟ್ಟರು. ಆದರೆ ಮೇಜು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಕೆತ್ತಿದ ಮೈಯೆಲ್ಲ ಅಲೆ ಅಲೆ. ಮೇಜು ಒರಗಿದ್ದ ಗೋಡೆಯ ಆಚೆ ಬದಿಗೇ ಅತ್ತೆಯ ಮಂಚ. ಅತ್ತೆಗೆ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ಸದ್ದಿನ ತೊಂದರೆ ಇರಲಿಲ್ಲ. ನಡುಕ ಮಾತ್ರ ಮಂಚದ ಕಾಲು ಹಿಡಿದು ಹತ್ತುತ್ತಿತ್ತು.

"ನಿನ್ನ ಯಂತ್ರ ನನ್ನ ಮೂಳೆ ಎಣಿಸ್ತಾ ಇದೆ ಕಣೇ" ಎಂದು ದಿನವೂ ಕೂಗುತ್ತಿದ್ದಳು.

ಗಟ್ಟಿಯಾದ ಸ್ಟ್ಯಾಂಡು ಕಟ್ಟಲೇಬೇಕೆಂದು ಕೂದಲಕ್ಕ ತೀರ್ಮಾನಿಸಿದಳು. ಬೀದಿಯ ತುದಿಯ ವೆಲ್ಡಿಂಗ್ ಅಂಗಡಿಯವನನ್ನು ಕರೆದಳು. ಎಲ್ಲರ ಬಾಯಲ್ಲೂ ಅವನು ಕಿಡಿಯಣ್ಣ. ಅವಳು ಆರಿಸಿದ್ದ ದಪ್ಪ ಚೌಕ ಪೈಪುಗಳನ್ನು ನೋಡಿ ಅವನು ಹುಬ್ಬೇರಿಸಿದ.

"ಅಕ್ಕಾ, ಇದ್ರ ಮೇಲೆ ಮಷೀನು ಇಡ್ತೀರೋ, ಆನೆ ಕಟ್ತೀರೋ?"

"ಆನೆಯಾದ್ರೆ ಸುಮ್ನೆ ನಿಂತ್ಕೊಳ್ಳುತ್ತೆ. ಇದು ನಿಲ್ಲಲ್ಲ."

ಕಾಲುಗಳು ಕೆಳಗೆ ಹೊರಚಾಚಿಕೊಂಡಿರಬೇಕು, ಮೂಲೆಯಿಂದ ಮೂಲೆಗೆ ಆಸರೆಪಟ್ಟಿ ಇರಬೇಕು ಎಂದು ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದಳು. ಕಿಡಿಯಣ್ಣ ಅವಸರದಲ್ಲಿ ಒಂದೇ ಪಕ್ಕವನ್ನು ಪೂರ್ತಿ ಬೆಸೆದುಬಿಟ್ಟ. ಬಿಸಿ ಆರುತ್ತಲೇ ಚೌಕಟ್ಟು ಸೊಟ್ಟಗಾಯಿತು. ನೆಲಕ್ಕಿಟ್ಟರೆ ಒಂದು ಕಾಲು ಎತ್ತಿಕೊಂಡು ನಿಂತಿತು. ಅವನು ತಲೆ ಕೆರೆದುಕೊಂಡ. ಅವಳು ಬೈಯಲಿಲ್ಲ. ಬೆಸುಗೆ ಕತ್ತರಿಸಿ, ಈ ಮೂಲೆಗೊಂದು ಚುಕ್ಕೆ, ಎದುರು ಮೂಲೆಗೊಂದು ಚುಕ್ಕೆ ಎಂದು ಹೇಳುತ್ತ ಮತ್ತೆ ಮಾಡಿಸಿದಳು. ಟೊಳ್ಳು ಪೈಪು ಗಂಟೆಯಂತೆ ಅನುರಣಿಸುತ್ತದೆಂದು ಬಿಸಿಲಲ್ಲಿ ಒಣಗಿಸಿದ ಮರಳನ್ನು ಕಾಲುಗಳೊಳಗೆ ಸುರಿದು ಸರಳಿನಿಂದ ಜಡಿದಳು. ಮೇಲೆ ದಪ್ಪ ಉಕ್ಕಿನ ಹಲಗೆ, ಪಾದಗಳ ಕೆಳಗೆ ರಬ್ಬರಿನ ದಿಂಡು. ಗಂಡ ಬಂದ ದಿನ ಮೂವರೂ ಸೇರಿ ಮಷೀನನ್ನು ಬಿಡಿಸಿ, ಎತ್ತಿ, ಸ್ಟ್ಯಾಂಡಿನ ಮೇಲೆ ಜೋಡಿಸಿದರು. ಗೋಡೆಗೂ ಅದಕ್ಕೂ ನಡುವೆ ಕೈ ತೂರುವಷ್ಟು ಜಾಗ ಬಿಟ್ಟರು. ಸಮತಟ್ಟು ನೋಡುವ ರಸಮಟ್ಟವಿಟ್ಟು, ತಗಡಿನ ಚೂರು ತುರುಕಿ, ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ಅವಳು ಯಾರನ್ನೂ ಚಹಾಕ್ಕೆ ಬಿಡಲಿಲ್ಲ.

ಮೊದಲ ತುಂಡು ನಿಂತ ನೀರಿನಂತೆ ನುಣುಪಾಗಿ ಬಂತು. ಮಂಚದ ಮೇಲೆ ಕೈಯಿಟ್ಟು ನೋಡಿದಳು, ಒಂದಿಷ್ಟೂ ಅದುರುತ್ತಿರಲಿಲ್ಲ. ಇನ್ನಾದರೂ ಅತ್ತೆ ನೆಮ್ಮದಿಯಾಗಿ ಮಲಗುತ್ತಾಳೆ ಎಂದುಕೊಂಡಳು.

ಅತ್ತೆ ಮಲಗಲಿಲ್ಲ. ಗಳಿಗೆಗೊಮ್ಮೆ ಕೂಗತೊಡಗಿದಳು. ಓಡಿಬಂದು ನೋಡಿದರೆ ನೀರೂ ಬೇಡ, ಮಗ್ಗುಲು ಬದಲಿಸುವುದೂ ಬೇಡ. ಕೊನೆಗೊಂದು ದಿನ ಸೊಸೆ ಕಿವಿಯ ಹತ್ತಿರ ಬಾಗಿ, "ಏನಾಗಿದೆ ಅತ್ತೆ, ಬಾಯಿಬಿಟ್ಟು ಹೇಳಿ" ಎಂದಳು.

"ಕೆಲಸ ಬರೋದು ನಿಂತುಹೋಯ್ತಾ?"

"ಇಲ್ವಲ್ಲ. ಬೆಳಗ್ಗೆಯಿಂದ ಮಾಡ್ತಾನೇ ಇದ್ದೀನಿ."

ಅತ್ತೆ ಮಂಚದ ಅಂಚನ್ನು ಕೈಯಿಂದ ಸವರಿದಳು. ಆಮೇಲೆ, "ಮಂಚ ನಡುಗ್ತಿದ್ರೆ ನೀನು ಆ ಕಡೆ ಇದ್ದೀಯ ಅಂತ ಗೊತ್ತಾಗ್ತಿತ್ತು. ಈಗ ಮನೇಲಿ ನಾನೊಬ್ಳೇ ಅನ್ಸುತ್ತೆ" ಎಂದಳು.

ಸೊಸೆ ಸ್ಟ್ಯಾಂಡಿನ ಅಡಿಯ ರಬ್ಬರನ್ನು ಕಿತ್ತುಹಾಕಲು ಕಿಡಿಯಣ್ಣನನ್ನು ಕರೆದಾಗ ಅವನು, "ಅಷ್ಟು ಕಷ್ಟಪಟ್ಟು ನಿಲ್ಸಿದ್ದನ್ನ ಈಗ ನಡುಗಿಸ್ತೀರಾ? ಅಜ್ಜೀನೇ ಈ ಕಡೆ ಕರ್ಕೊಂಡ್ ಬನ್ನಿ ಅಕ್ಕಾ" ಎಂದ. ಇಬ್ಬರೂ ಮಂಚವನ್ನು ಮುಂದಿನ ಕೋಣೆಗೆ ತಂದರು. ಸಿಡಿಯುವ ಕಬ್ಬಿಣದ ಚೂರುಗಳಿಗೆ ಅಡ್ಡವಾಗಿ ಸಣ್ಣ ಕಣ್ಣಿನ ಜಾಲರಿ ನಿಲ್ಲಿಸಿದರು.

ಅಂದಿನಿಂದ ಅತ್ತೆಗೆ ಅದೇ ಲೋಕ. ತುಂಡು ಮುಗಿದೊಡನೆ ಸೊಸೆ ತಿರುಗಿ ಎತ್ತಿ ತೋರಿಸಬೇಕು. ಅತ್ತೆ ಹೆಬ್ಬೆರಳಿಂದ ಸವರಿ ವಿಚಾರಿಸಬೇಕು, ಸೊಸೆ ಕಿವಿಯ ಹತ್ತಿರ ಬಾಗಿ ಉತ್ತರಿಸಬೇಕು.

"ಇದು ಯಾವ್ದಕ್ಕೆ?"

"ನೀರೆತ್ತೋ ಪಂಪಿಗೆ."

"ನೀರು ಬರುತ್ತಾ?"

"ಬರುತ್ತೆ."

"ಹಾಗಿದ್ರೆ ಸರಿ."

ಒಮ್ಮೆ ಹಾಗೆ ಸವರುತ್ತ, "ಅಷ್ಟು ವರ್ಷ ಇದನ್ನೇ ಮಾಡ್ತಿದ್ದೆಯಾ?" ಎಂದಳು.

"ಹೂಂ ಅತ್ತೆ."

"ಹೇಳಬಾರದಿತ್ತಾ."

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಅತ್ತೆ ಊಟ ಕಡಿಮೆ ಮಾಡಿದಳು. ಒಂದು ಬೆಳಗ್ಗೆ ಸೊಸೆ ಉದ್ದನೆಯ ತುಂಡೊಂದನ್ನು ಕೆತ್ತುತ್ತಿದ್ದಳು. ಮುಗಿಸಿ, ಎಂದಿನಂತೆ ತಿರುಗಿ ಎತ್ತಿ ಹಿಡಿದಳು. ಅತ್ತೆಯ ಮುಖ ಮಷೀನಿನ ಕಡೆಗೇ ಇತ್ತು, ಕಣ್ಣು ಅರೆತೆರೆದಿತ್ತು. ಕೈ ಮುಂದೆ ಬರಲಿಲ್ಲ.

ಗಂಡ ಬಂದಾಗ ಅವಳು ಹೇಳಿದ್ದು ಒಂದೇ ಮಾತು. "ಇಲ್ಲೇ ಇದ್ದೆ. ಬೆನ್ನು ಮಾಡಿ ನಿಂತಿದ್ದೆ. ಕರೆದ್ರೋ ಏನೋ, ಮಷೀನಿನ ಸದ್ದಲ್ಲಿ ಕೇಳಿಸ್ಲಿಲ್ಲ."

ಅವನು ತಾಯಿಯ ಪಾದದ ಹತ್ತಿರ ಕುಳಿತು ಹೇಳಿದ, "ನಾನು ಎಲ್ಲೋ ರಸ್ತೆ ಮೇಲಿದ್ದೆ. ನೀನು ಕಣ್ಣೆದುರಿಗೆ ಇದ್ದೆ. ಅಮ್ಮನಿಗೆ ಅಷ್ಟು ಸಾಕಾಗಿತ್ತು."

ಆ ಮಾತನ್ನು ಅವಳು ಅಂದು ನಂಬಲಿಲ್ಲ. ಕೆಲವು ದಿನ ಮಷೀನಿನ ಮೇಲೆ ಬಟ್ಟೆ ಹೊದಿಸಿಟ್ಟಳು. ಪಂಪಿನವರು ಎರಡು ಸಲ ಬಂದು ಬಾಗಿಲಲ್ಲೇ ನಿಂತು ಹಿಂದಿರುಗಿದರು. ಮೂರನೆಯ ಸಲ ಅವರು ತಂದದ್ದನ್ನು ತೆಗೆದುಕೊಂಡಳು.

ಈಗ ಮಂಚವಿದ್ದ ಜಾಗದಲ್ಲಿ ಕಬ್ಬಿಣದ ಸರಳುಗಳನ್ನು ಒರಗಿಸಿದ್ದಾಳೆ. ಕೈತುಂಬ ಕೆಲಸವಿದೆ. ತಿರುಗುವ ಹಲ್ಲು ತುಂಡಿನ ಕೊನೆ ಮುಟ್ಟುವ ಮೊದಲೇ ಒಮ್ಮೆ ಹಿಂದಿರುಗಿ ನೋಡುವ ರೂಢಿ ಮಾತ್ರ ಉಳಿದುಕೊಂಡಿದೆ.