ಅಂಗಾತ ಬಿದ್ದ ಬೀಸುಕಲ್ಲು

ನನ್ನ ಬಲಗೈ ಬೆರಳುಗಳ ಬುಡದಲ್ಲಿ ನಾಲ್ಕು ಜಡ್ಡುಗಳಿವೆ. ಹುಣಸೆಬೀಜದಷ್ಟು ಗಟ್ಟಿ, ಅಷ್ಟೇ ನುಣುಪು. ಹೆಬ್ಬೆರಳಿನ ಗೆರೆಗಳಂತೂ ಎಂದೋ ಅಳಿಸಿಹೋಗಿವೆ. ಬೆರಳೊತ್ತಿದರೆ ತೆರೆಯುವ ಹೊಸ ಫೋನನ್ನು ಮಗಳು ತಂದಾಗ, ಹತ್ತು ವರ್ಷದ ಮೊಮ್ಮಗಳು ನಿಧಿ ನನ್ನ ಹೆಬ್ಬೆರಳನ್ನು ಅದಕ್ಕೆ ಒತ್ತಿಸಿ ಒತ್ತಿಸಿ ಸೋತು, "ಅಜ್ಜಿ, ಯು ಹ್ಯಾವ್ ನೋ ಫಿಂಗರ್‌ಪ್ರಿಂಟ್" ಎಂದಳು. ಬೆರಳಿರುವುದು ಫೋನಿಗೆ ಒತ್ತುವುದಕ್ಕಲ್ಲ ಎಂದೆ. ಮೂವತ್ತು ವರ್ಷ ಕುಂದಾಪುರದ ನಾಲ್ಕು ಮನೆಗಳಲ್ಲಿ ಬೀಸುಕಲ್ಲು ತಿರುಗಿಸಿದ ಕೈ ಇದು. ನನ್ನ ಗುರುತು ಕಲ್ಲಿಗೆ ಹೋಯಿತು, ಕಲ್ಲಿನ ಗುರುತು ನನಗೆ ಬಂತು, ಲೆಕ್ಕ ಸರಿಹೋಯಿತು.

ಮೂರು ತಿಂಗಳ ವೀಸಾದಲ್ಲಿ ಮಗಳು ಶಕ್ಕುವಿನ ಮನೆಗೆ ಹೋಗಿದ್ದೆ, ದುಬೈಯ ಅಲ್ ನಹ್ದಾಕ್ಕೆ. ಶುಕ್ರವಾರ ರಜೆ. ಮೊದಲ ವಾರ ಮಾಲ್‌ಗೆ ಕರೆದೊಯ್ದು ಗಾಜಿನಾಚೆ ಸುಳ್ಳು ಹಿಮದಲ್ಲಿ ಜನ ಜಾರುವುದನ್ನು ತೋರಿಸಿದರು. ನೋಡಿದೆ, ಚಳಿಯಾಯಿತು, ಸಾಕೆಂದೆ. ಹಳೆಯ ಮನೆಗಳಿದ್ದರೆ ತೋರಿಸಿ ಎಂದ ಮೇಲೆ ಅಳಿಯ ತೋರಿಸಿದ. ಗಾಳಿಯನ್ನು ಹಿಡಿದು ಕೋಣೆಗಿಳಿಸುವ ಗೋಪುರದ ಮನೆಗಳನ್ನು ಕಂಡೆ. ಅಲ್ ಐನ್‌ನ ಖರ್ಜೂರದ ತೋಟದಲ್ಲಿ, ಈ ಮರಕ್ಕಿಷ್ಟು ಹೊತ್ತು ಆ ಮರಕ್ಕಿಷ್ಟು ಹೊತ್ತು ಎಂದು ಸರದಿಯಂತೆ ಹರಿಯುವ ಕಾಲುವೆಯ ನೀರಿನಲ್ಲಿ ಕಾಲಿಟ್ಟು ಕುಳಿತೆ. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಯಾವ ಮನೆಗೆ ಹೋದರೂ ತೋರಿಸುವುದು ಗಂಡಸರು ಕುಳಿತು ಕಾಫಿ ಕುಡಿಯುವ ಕೋಣೆ, ಗೋಡೆಗೆ ನೇತುಹಾಕಿದ ಕತ್ತಿ, ಕೋವಿ. ನೀವೇ ಹೇಳಿ, ಕತ್ತಿ ಹಿಡಿದವನು ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲವೇ? ಉಂಡಿದ್ದರೆ ಬೇಯಿಸಿದವಳ ಕೋಣೆ ಎಲ್ಲಿ?

ಕೊನೆಗೂ ಬೆಟ್ಟದ ಕಡೆಯ ಒಂದು ಹಳೆಯ ಮನೆಯಲ್ಲಿ ಅಡುಗೆಕೋಣೆ ಸಿಕ್ಕಿತು. ಆ ಮನೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಒಬ್ಬನ ಕೆಲಸಕ್ಕೆ ಕುತ್ತು. ಮಣ್ಣಿನ ಗೋಡೆ, ಖರ್ಜೂರದ ಗರಿಯ ಮಾಡು, ಮೂಲೆಯಲ್ಲಿ ಒಲೆ, ಒಲೆಯ ಪಕ್ಕದಲ್ಲಿ ಬೀಸುಕಲ್ಲು. ಕಂಡ ಕೂಡಲೇ ಕುಕ್ಕುರುಗಾಲಲ್ಲಿ ಕುಳಿತೆ. ಕುಳಿತ ಮೇಲೆ ಗೊತ್ತಾಯಿತು, ಮೇಲಿನ ಕಲ್ಲನ್ನು ತಲೆಕೆಳಗು ಮಾಡಿದ್ದಾರೆ. ಉಳಿಯಿಂದ ಹೊಡೆದ ಕಚ್ಚುಗಳು ಆಕಾಶ ನೋಡುತ್ತಿವೆ, ಹಿಡಿಯ ಗೂಟವನ್ನು ಕಿತ್ತು ಗೋಡೆಗೆ ಒರಗಿಸಿದ್ದಾರೆ, ಕಚ್ಚುಗಳ ಮೇಲೆ ಬಂದವರು ಎಸೆದುಹೋದ ಚಿಲ್ಲರೆ ನಾಣ್ಯಗಳು.

ನಮ್ಮ ಕಡೆ ಬೀಸುಕಲ್ಲನ್ನು ಅಂಗಾತ ಹಾಕುವುದು ಎರಡೇ ಸಲ: ಕಲ್ಲುಕುಟಿಗ ಬಂದು ಕಚ್ಚು ಹೊಡೆಯುವ ದಿನ, ಇಲ್ಲವೇ ಮನೆಯವರು ಮನೆ ಬಿಟ್ಟು ಹೋಗುವ ದಿನ. ಅಂಗಾತ ಬಿದ್ದ ಕಲ್ಲೆಂದರೆ ಇಲ್ಲಿ ಯಾರಿಗೂ ಊಟವಿಲ್ಲ ಎಂದು ಅರ್ಥ. ಆ ಮನೆಯ ಹೆಂಗಸು ನನಗೆ ಯಾರೂ ಅಲ್ಲ, ಅವಳ ಹೆಸರು ಗೊತ್ತಿಲ್ಲ. ಆದರೆ ಇಷ್ಟು ಜನರನ್ನು ಮನೆಯೊಳಗೆ ಕರೆದು ಅವಳ ಕಲ್ಲನ್ನು ಹಾಗೆ ಮಲಗಿಸಿದ್ದು ಅವಳ ಮಾನ ತೆಗೆದಂತೆ ಕಂಡಿತು. ಕೈ ಹಾಕಿದೆ.

"ಅಮ್ಮ, ಮುಟ್ಟ್ಲಿಕ್ಕಿಲ್ಲ. ಬೋರ್ಡ್ ಉಂಟಲ್ಲ," ಎಂದ ಕಾವಲಿನವ. ಹಂಝ ಎಂದು ಹೆಸರು, ಕಾಸರಗೋಡಿನವ.

"ಬೋರ್ಡ್ ನಂಗೆ ಓದ್ಲಿಕ್ಕೆ ಬರುದಿಲ್ಲ. ಕಲ್ಲು ಬರ್ತದೆ. ಇದನ್ನು ಮಗುಚಿ ಇಟ್ಟದ್ದು ಯಾರು?"

"ಹೀಗಿಟ್ರೆ ಡಿಸೈನ್ ಕಾಣ್ತದೆ ಅಮ್ಮ. ಜನ ಫೋಟೋ ತೆಗೀತಾರೆ."

"ನಿನ್ನ ಹಲ್ಲು ಚಂದ ಉಂಟು ಅಂತ ತುಟಿ ಕತ್ತರಿಸಿ ಇಡ್ತಿಯಾ?"

ಹಂಝ ನಕ್ಕ. ಮುದೀರ್ ಮೇಡಂ ಹೇಳದೆ ತಾನು ಏನೂ ಮಾಡುವಂತಿಲ್ಲ ಎಂದ. ಮುದೀರ್ ಎಂದರೆ ಇಲ್ಲಿನ ಭಾಷೆಯಲ್ಲಿ ಮೇಲಧಿಕಾರಿ. ಕಾರಿನಲ್ಲಿ ಶಕ್ಕು ಸಿಡಿದಳು: "ಅಮ್ಮ, ಅದು ನಿಂದಲ್ಲ. ಖಲಾಸ್ ಮಾಡು ಇನ್ನು." ಖಲಾಸ್ ಮಾಡಲಿಲ್ಲ. ಊರಿಗೆ ಮರಳುವ ಮೊದಲು ಇನ್ನೆರಡು ಶುಕ್ರವಾರಗಳಿದ್ದವು. ಆ ಕಲ್ಲು ಮಗುಚದೆ ವಿಮಾನ ಹತ್ತುವುದಿಲ್ಲ ಎಂದೆ.

ಮುಂದಿನ ಶುಕ್ರವಾರ ಮತ್ತೆ ಅಲ್ಲಿಗೇ ಹೋದೆವು. ಮೇಡಂ ಬಂದಿರಲಿಲ್ಲ. ಎರಡು ಗಂಟೆಯ ದಾರಿ ದಂಡವಾಯಿತೆಂದು ಶಕ್ಕು ಮಾತು ಬಿಟ್ಟಳು. ಅಳಿಯ ಮಾತ್ರ, "ಅತ್ತೆಗೆ ಹಠ, ನಮಗೆ ಪೆಟ್ರೋಲು," ಎಂದು ರೇಡಿಯೋ ಹಾಕಿದ. ಕೊನೆಯ ಶುಕ್ರವಾರ ಒಂದು ಹಿಡಿ ಬೆಳ್ತಿಗೆ ಅಕ್ಕಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೆ.

ಮೇಡಂ ಇದ್ದಳು. ಇಂಗ್ಲೆಂಡಿನ ಯಾವುದೋ ಜಿಲ್ಲೆಯವಳು, ಬಿಸಿಲಿಗೆ ಮೂಗು ಕೆಂಪಾಗಿತ್ತು, ಮನಸ್ಸು ಒಳ್ಳೆಯದು. ನಿಧಿ ನಡುವೆ ನಿಂತು ಅತ್ತಿಂದಿತ್ತ ಮಾತು ಸಾಗಿಸಿದಳು. ಮೇಡಂನ ಊರಲ್ಲೂ ಜನ ರಜೆಯ ದಿನ ಬುತ್ತಿ ಕಟ್ಟಿಕೊಂಡು ಹಳೆಯ ದೊಡ್ಡಮನೆಗಳನ್ನೂ ತೋಟಗಳನ್ನೂ ನೋಡಲು ಹೋಗುತ್ತಾರಂತೆ, ಗುಲಾಬಿ ಗಿಡಗಳ ನಡುವೆ ಚಹಾ ಕುಡಿಯುತ್ತಾರಂತೆ. ಮನೆಯೊಳಗೆ ಯಾವ ಕೋಣೆಗೆ ಹೆಚ್ಚು ಜನ ಎಂದು ಕೇಳಿಸಿದೆ.

"ಕಿಚನ್ ಅಂತೆ ಅಜ್ಜಿ."

"ಹಾಗಾದ್ರೆ ಅಲ್ಲಿ ಒಲೆಯನ್ನು ಮಗುಚಿ ಇಡ್ತಾರಾ ಕೇಳು."

ನಿಧಿ ಕೇಳಲು ಹಿಂಜರಿದಳು. ಕೇಳು ಎಂದು ಗದರಿದ ಮೇಲೆ ಕೇಳಿದಳು. ಮೇಡಂ ಮೊದಲು ನಕ್ಕಳು, ಆಮೇಲೆ ಕಲ್ಲನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಗಂಟು ಬಿಚ್ಚಿ ಅಕ್ಕಿಯನ್ನು ಅವಳ ಅಂಗೈಗೆ ಸುರಿದು, ನೀನಿಟ್ಟ ಹಾಗೆಯೇ ಬೀಸಿ ತೋರಿಸು ಎಂದೆ. ಅವಳು ಹಿಡಿ ಹುಡುಕಿದಳು, ಅದು ಗೋಡೆಯ ಬಳಿ ಇತ್ತು. ಅದನ್ನು ಸಿಕ್ಕಿಸುವ ತೂತು ಹುಡುಕಿದಳು, ಅದು ಅಡಿಯಲ್ಲಿತ್ತು. ಅಕ್ಕಿಯನ್ನು ನನ್ನ ಸೆರಗಿಗೆ ಮರಳಿ ಸುರಿದು ಹಂಝನಿಗೆ ತಲೆಯಾಡಿಸಿದಳು. ಹಂಝನೂ ನಾನೂ ಸೇರಿ ನಾಣ್ಯ ಬಳಿದು, ಕಲ್ಲನ್ನೆತ್ತಿ, ಬಟ್ಟೆಯಲ್ಲಿ ಒರೆಸಿ, ಕವುಚಿ ಕೂರಿಸಿದೆವು. ಕೂತಾಗ ಒಂದು ಸದ್ದು ಬಂತು. ಬೀಸಿದವರಿಗೆ ಮಾತ್ರ ಗೊತ್ತು ಆ ಸದ್ದು.

ಬೀಸುವುದಕ್ಕೆ ಎದುರುಬದುರು ಇಬ್ಬರಿದ್ದರೆ ಲೇಸು. ಶಕ್ಕುವನ್ನು ನೋಡಿದೆ, ಅವಳು ಫೋನು ನೋಡಿದಳು. ಎದುರಿಗೆ ಬಂದು ಕುಳಿತದ್ದು ನಿಧಿ. ಕಲ್ಲಿನ ಬಾಯಿಗೆ ನಾಲ್ಕು ಕಾಳು ಹಾಕಿದೆ, ಒಂದೇ ಗೂಟಕ್ಕೆ ನಮ್ಮಿಬ್ಬರ ಕೈ. ಮೊದಲು ಅವಳು ತನ್ನ ಕಡೆಗೆ ಎಳೆದಳು, ನಾನು ನನ್ನ ಕಡೆಗೆ. "ಎಳೀಬೇಡ, ನಾನು ಬಿಟ್ಟಲ್ಲಿಂದ ಹಿಡಿ" ಎಂದೆ. ಹತ್ತು ಸುತ್ತಿಗೆ ದಾರಿ ಸಿಕ್ಕಿತು. ಅಂಚಿನಿಂದ ಮೊದಲು ಹಳೆಯ ದೂಳು ಉದುರಿತು, ಹಿಂದೆಯೇ ಬಿಳಿಯ ಹಿಟ್ಟು. ಅದನ್ನು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದ ಮೇಡಂ ಮಣ್ಣಿನ ನೆಲದ ಮೇಲೇ ಕುಳಿತುಬಿಟ್ಟಳು. ಕಲ್ಲು ಇನ್ನು ಹೀಗೆಯೇ ಇರಲಿ ಎಂದು ಅವಳು ಹೇಳಿದ್ದನ್ನು ನಿಧಿ ಹೇಳುವ ಮೊದಲೇ ನಾನು ಅರ್ಥ ಮಾಡಿಕೊಂಡಿದ್ದೆ.

ಏಳುವಾಗ ನನ್ನ ಮಂಡಿ ಕೈಕೊಟ್ಟಿತು, ಶಕ್ಕು ಬಂದು ರಟ್ಟೆ ಹಿಡಿದಳು. "ಈಗ ಸಮಾಧಾನ ಆಯ್ತಾ?" ಎಂದಳು. ಆಯಿತು ಎಂದೆ. "ಬಟ್ ಅಜ್ಜಿ, ಈಗ ಡಿಸೈನ್ ಕಾಣುವುದೇ ಇಲ್ಲ," ಎಂದಳು ನಿಧಿ. ನಿಜ, ಈಗ ನೋಡಿದರೆ ಬರಿಯ ಒಂದು ಉರುಟು ಕಲ್ಲು, ಯಾರೂ ನಿಂತು ಫೋಟೋ ತೆಗೆಯಲಿಕ್ಕಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ದುಡಿಯುವ ಮುಖ ಕೆಳಗಿರುತ್ತದೆ, ಒಂದನ್ನೊಂದು ಕಚ್ಚಿಕೊಂಡು ಕತ್ತಲಲ್ಲಿ ತಿರುಗುತ್ತದೆ. ಹೊರಗೆ ಬರುವುದು ಹಿಟ್ಟು ಮಾತ್ರ. ಕಾಣಬೇಕೆಂದು ಅದನ್ನು ಮೇಲಕ್ಕೆ ತಿರುಗಿಸಿದರೆ ನೋಟ ಉಳಿಯುತ್ತದೆ, ಕೆಲಸ ಹೋಗುತ್ತದೆ. ನನ್ನ ಫೋಟೋವನ್ನೂ ಯಾರೂ ತೆಗೆದಿರಲಿಲ್ಲ, ನಾಲ್ಕು ಮನೆಯವರು ಮೂವತ್ತು ವರ್ಷ ಉಂಡರು. ಅದರಲ್ಲಿ ಅಳುವುದೇನೂ ಇಲ್ಲ, ಹೊಗಳಿಸಿಕೊಳ್ಳುವುದೂ ಇಲ್ಲ. ಕಲ್ಲನ್ನು ಸರಿಯಾಗಿ ಇಟ್ಟರೆ ಸಾಕು.

ಮರುದಿನ ಬೆಳಿಗ್ಗೆ ನಾನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾಗ ನಿಧಿ ತನ್ನ ಬೆರಳಿಗೂ ತೆರೆಯುವ ತಾಯಿಯ ಫೋನು ಹಿಡಿದು ಬಂದಳು. ಅವಳ ಬಲ ಹೆಬ್ಬೆರಳಿನಲ್ಲಿ ಬಟಾಣಿಯಷ್ಟು ಬೊಬ್ಬೆ. ಅದನ್ನು ಫೋನಿಗೆ ಒತ್ತಿದಳು, ತೆರೆಯಲಿಲ್ಲ. ಮತ್ತೆ ಒತ್ತಿದಳು, ತೆರೆಯಲಿಲ್ಲ.

"ಅಜ್ಜಿ, ಕಾಣು, ನಂದೂ ಆಗುದಿಲ್ಲ," ಎಂದಳು ಕನ್ನಡದಲ್ಲೇ, ಮುಖ ಊರಗಲ ಮಾಡಿಕೊಂಡು.

ಅವಳ ಬೆರಳನ್ನು ನನ್ನ ಅಂಗೈಯಲ್ಲಿಟ್ಟು ನೋಡಿದೆ. "ನಾಲ್ಕು ದಿನದಲ್ಲಿ ಹೋಗ್ತದೆ ಅದು, ಹೆಚ್ಚು ಬೀಗಬೇಡ. ಹಗ್ಗದ ಆ ತುದಿ ಹಿಡಿ," ಎಂದೆ.

ಹಿಡಿದಳು. ಈ ಸಲ ಎಳೆಯಲಿಲ್ಲ. ನಾನು ಬಿಟ್ಟಲ್ಲಿಂದ ಹಿಡಿದಳು.