ಟೆಬಟ್‌ನ ಚಿಲಕ

ಈನಾಕ್ ಟೆಬಟ್ ತನ್ನ ತಪ್ಪನ್ನು ಎಂದೂ ಒಪ್ಪಿಕೊಂಡವನಲ್ಲ. ಹಲಗೆ ಸೀಳಿದರೆ ಮರದ ತಪ್ಪು, ಅಂಟು ಬಿಟ್ಟರೆ ಮಳೆಯ ತಪ್ಪು, ಹೆಂಡತಿ ತವರಿಗೆ ಹೋದರೆ ಮಾವನ ತಪ್ಪು. ಇಂಗ್ಲೆಂಡಿನ ಬೆಡ್‌ಫರ್ಡ್ ಊರಾಚೆಯ, ವಿಮಾನ ಕಟ್ಟುವ ಆ ತಗಡಿನ ಶೆಡ್ಡಿನಲ್ಲಿ ಅವನಂಥ ಬಡಗಿ ಇರಲಿಲ್ಲ. ಅವನಂಥ ಬಾಯಿಯೂ ಇರಲಿಲ್ಲ.

೧೯೩೧ರ ಬೇಸಿಗೆಯಲ್ಲಿ ಶೆಡ್ಡಿನವರು ಇಬ್ಬರು ಅಕ್ಕಪಕ್ಕ ಕೂರುವ ಪುಟ್ಟ ವಿಮಾನವೊಂದನ್ನು ಕಟ್ಟಿದರು. ಒಂದೇ ಜೊತೆ ರೆಕ್ಕೆ, ತಲೆಯ ಮೇಲೆ ಸೂರು, ಪಕ್ಕದಲ್ಲಿ ಬಾಗಿಲು. ಹ್ಯಾಟು ತೆಗೆಯದೆ ಹಾರಬಹುದೆಂದು ಮಾಲೀಕ ರ‍್ಯಾಗ್ ಕಂಡವರಿಗೆಲ್ಲ ಹೇಳುತ್ತಿದ್ದ. ಶನಿವಾರ ಫ್ಲೈಯಿಂಗ್ ಕ್ಲಬ್ಬಿನವರು ನೋಡಲು ಬರುವವರಿದ್ದರು. ವಿಮಾನವೋ, ಪರೀಕ್ಷೆಗೆ ಹೋದಾಗಲೆಲ್ಲ ಬಾಗಿಲು ಬಡಿದುಕೊಳ್ಳುತ್ತಲೇ ಇಳಿಯುತ್ತಿತ್ತು.

"ನಿನ್ನ ಚಿಲಕ ಸರಿಯಿಲ್ಲ, ಟೆಬಟ್," ಎಂದ ರ‍್ಯಾಗ್.

"ಚಿಲಕಕ್ಕೇನಾಗಿದೆ ಸಾರ್? ಕ್ಯಾಪ್ಟನ್ ಕೈಗೇ ಏನೋ ಆಗಿರ್ಬೇಕು."

"ಹಾಗಿದ್ರೆ ಅವನನ್ನೇ ಮನೆಗೆ ಕಳಿಸ್ತೀನಿ. ಬಾಗಿಲು ಮುಚ್ಚೋಕೆ ಬರದ ಪೈಲಟ್ ನನಗ್ಯಾಕೆ?"

ಕ್ಯಾಪ್ಟನ್ ಲೈಯಲ್ ಯುದ್ಧದ ಕಾಲದಿಂದಲೂ ಸೂರಿಲ್ಲದ ವಿಮಾನಗಳಲ್ಲೇ ಹಾರಿದವನು. ಕೂದಲು ನರೆತಿತ್ತು. ಇಲ್ಲಿ ಬಿಟ್ಟರೆ ಬೇರೆಲ್ಲೂ ಅವನನ್ನು ಕರೆಯುವವರಿರಲಿಲ್ಲ. "ಅದು ತಾನಾಗೇ ತೆಗೀತದೆ ಕಣಯ್ಯಾ," ಎಂದು ಅವನು ಆಣೆ ಮಾಡಿದ.

ಮರುದಿನ ಟೆಬಟ್ ಎರಡನೆಯ ಸೀಟಿನಲ್ಲಿ ಆಳಿನ ಭಾರಕ್ಕೆಂದು ಇಟ್ಟಿದ್ದ ಮರಳಿನ ಮೂಟೆಯನ್ನು ಎಳೆದು ಹಾಕಿ ತಾನೇ ಕುಳಿತ. "ಮೂಟೆ ಬಾಯಿ ಬಿಡಲ್ಲ. ನಾನು ಬಿಡ್ತೀನಿ."

"ಅದೇ ನನ್ನ ಭಯ," ಎಂದ ಕ್ಯಾಪ್ಟನ್.

ಹಾರಿದ್ದೆಲ್ಲ ಸುಸೂತ್ರ. ಇಳಿಯಲು ತಿರುಗುವಾಗ ಮಾತ್ರ ಕ್ಯಾಪ್ಟನ್ನನ ಕೈ ತಾನಾಗಿ ಚಿಲಕದತ್ತ ಹೋಯಿತು. ಬಾಗಿಲು ತುಸು ತೆರೆದು ಮುಖ ಹೊರಗೆ ಚಾಚಿ, ಕೆನ್ನೆಯನ್ನು ಗಾಳಿಗೊಡ್ಡಿದ. ಹಳೆಯ ಪೈಲಟ್ಟುಗಳಿಗೆ ವಿಮಾನ ಪಕ್ಕಕ್ಕೆ ಜಾರುತ್ತಿದೆಯೋ ಇಲ್ಲವೋ ಎಂದು ಹೇಳುತ್ತಿದ್ದದ್ದು ಆ ಕೆನ್ನೆಯೇ. ಮುಖ ಒಳಗೆ ಬಂದಾಗ ಕೈ ಮಾಡಿದ್ದು ಅವನಿಗೇ ತಿಳಿದಿರಲಿಲ್ಲ.

"ನೋಡ್ದೆಯಾ? ಮತ್ತೆ ತೆಗೀತು!"

ಟೆಬಟ್ ಗಾಳಿಗೆ ಕೆಂಪಾದ ಆ ಕೆನ್ನೆಯನ್ನೇ ನೋಡಿದ.

ಕೆಳಗೆ ರ‍್ಯಾಗ್ ಕಾಯುತ್ತಿದ್ದ. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಬಂದಿದ್ದರು. "ಹೇಳು, ಯಾರ ತಪ್ಪು?"

ಟೆಬಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಂದೇ ಸಾರ್. ಚಿಲಕ ಸಡಿಲ ಬಿಟ್ಟಿದ್ದೆ."

ಯಾರೋ ಸೀಟಿ ಹೊಡೆದರು. ಟೆಬಟ್ ನೆಟ್ಟಗೆ ವಿಮಾನದೊಳಗೆ ಹೋಗಿ, ಒಂದೇ ಕೈಯಲ್ಲಿ ತೆಗೆಯಲಾಗದಷ್ಟು ಚಿಲಕವನ್ನು ಬಿಗಿಮಾಡಿದ. ಆಮೇಲೆ ಪೈಲಟ್ ಸೀಟಿನ ಪಕ್ಕದ ಕಿಟಕಿಯಲ್ಲಿ, ಕ್ಯಾಪ್ಟನ್ನನ ಕೆನ್ನೆಯ ಮಟ್ಟಕ್ಕೆ, ಮುಷ್ಟಿಯಷ್ಟು ಅಗಲದ ತೂತು ಕೊರೆದು ಅದಕ್ಕೆ ಜಾರುವ ಮುಚ್ಚಳ ಕೂರಿಸಿದ.

"ಇದೇನು, ನಕ್ಷೆಯಲ್ಲಿಲ್ಲವಲ್ಲ?" ಎಂದ ರ‍್ಯಾಗ್.

"ನಕ್ಷೆ ಬರೆದವನ ತಪ್ಪು ಸಾರ್," ಎಂದು ಟೆಬಟ್ ಅಂಚನ್ನು ಉಜ್ಜತೊಡಗಿದ.