ಬ್ಯಾರನ್‌ನಲ್ಲಿ ಒಣಗಿದ ಅಂಗಿ

ಜೂಡೊದಲ್ಲಿ ಹೆಣ್ಣುಮಕ್ಕಳ ಅತಿ ಭಾರದ ವಿಭಾಗಕ್ಕೆ ಮೇಲಿನ ಮಿತಿ ಅಂತ ಇಲ್ಲ. ಉಳಿದ ಹುಡುಗಿಯರು ತೂಕ ಇಳಿಸಲು ನೀರನ್ನೂ ಮುಟ್ಟದೆ ಒದ್ದಾಡುವಾಗ ನಾನು ಅವರ ಎದುರಿಗೇ ಕೂತು ಮುದ್ದೆ ನುಂಗುತ್ತಿದ್ದೆ. ಹಂಪಾಪುರದ ಹತ್ತಿರದ ನಮ್ಮೂರಿನಲ್ಲಿ ನನ್ನ ಮೈ ನೋಡಿ ಕಿಸಕ್ಕೆಂದವರೇ, ನಾನು ರಾಜ್ಯದ ಚಾಂಪಿಯನ್ ಆದಮೇಲೆ ಹ್ಯಾಂಡ್‌ಪೋಸ್ಟ್‌ ಕೂಡುರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದಾಗ ಮಾತಾಡಿಸಲು ಬರುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಅಪ್ಪನಿಗೆ ಮಾತ್ರ ಯಾರ ಮೇಲೂ ಸಿಟ್ಟಿರಲಿಲ್ಲ. "ನನ್ ಮಗಳ್ನ ಕೆಡವೋರು ಇನ್ನೂ ಉಟ್ಟಿಲ್ಲ ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

ರಾಷ್ಟ್ರೀಯ ಕೂಟದಲ್ಲಿ ಮಾತ್ರ ಪದಕದ ಹತ್ತಿರ ಹೋಗಿ ಬರಿಗೈಯಲ್ಲಿ ವಾಪಸಾಗಿದ್ದೆ. ಅಷ್ಟರಲ್ಲಿ ಬಲಮಂಡಿ ಕೈಕೊಟ್ಟಿತು. ಈ ಸಲ ಆಡಿ ಮುಗಿಸಿಬಿಡು, ಆಮೇಲೆ ಈ ಮಂಡಿಯನ್ನು ನಂಬಬೇಡ ಎಂದರು ಮೈಸೂರಿನ ಡಾಕ್ಟರು. ಹಾಗಾಗಿ ಆ ವರ್ಷದ ಆಯ್ಕೆ ಪಂದ್ಯ ಗೆದ್ದರೆ ಪದಕಕ್ಕೆ ಕೊನೆಯದೊಂದು ಅವಕಾಶ, ಇಲ್ಲದಿದ್ದರೆ ಅಲ್ಲಿಗೆ ಎಲ್ಲ ಮುಗಿದಂತೆ.

ಪಂದ್ಯ ಬಂದದ್ದು ಸರಿಯಾಗಿ ಹೊಗೆಸೊಪ್ಪು ಬೇಯಿಸುವ ಮಳೆಗಾಲದಲ್ಲಿ. ಹಳೆಯ ಜೂಡೊ ಅಂಗಿಯ ಕಾಲರು ಕಿತ್ತುಹೋಗಿ ಹೊಸದು ಹೊಲಿಸಿದ್ದೆ. ಕಂಬಳಿಯಷ್ಟು ದಪ್ಪದ ಹತ್ತಿ ಬಟ್ಟೆ, ನನ್ನ ಅಳತೆಯದು ಅಂಗಡಿಗಳಲ್ಲಿ ಸಿಗುವುದಿಲ್ಲ. ಗಂಜಿ ಬಿಡಲೆಂದು ಒಗೆದು ಹಾಕಿದರೆ ಜಡಿಮಳೆಗೆ ಒಣಗಲೇ ಇಲ್ಲ. ಹೊರಡುವ ದಿನ ಹತ್ತಿರ ಬಂದರೂ ಹಿಂಡಿದರೆ ನೀರು ಬರುತ್ತಿತ್ತು.

ಹಸಿ ಸೊಪ್ಪನ್ನು ಒಲೆಯ ಕಾವಿನಲ್ಲಿ ಒಣಗಿಸಿ ಬೇಯಿಸುವ ಎತ್ತರದ, ಕಿಟಕಿಯಿಲ್ಲದ ಕೋಣೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತೇವೆ. ಮಳೆಗಾಲದಲ್ಲಿ ಎಲ್ಲರ ಮನೆಯ ಒದ್ದೆ ಬಟ್ಟೆಯೂ ಅದರ ಹೊರಗೋಡೆಯ ಬಿಸಿಗೇ ಒಣಗುವುದು. ಒಳಗೆ ಯಾರೂ ಹಾಕುವುದಿಲ್ಲ. ಅಂಗಿ ದಪ್ಪ ಇದೆ, ಹೊರಗಿನ ಬಿಸಿ ಸಾಲದು ಎಂದು ಅಪ್ಪ ಅದನ್ನು ಒಳಗೇ ಕಟ್ಟಿದ. ಎಲೆಯ ನಡುದಂಟು ಒಣಗಿಸಲು ಉರಿ ಜೋರು ಮಾಡಿ ಬಾಗಿಲು ಮುಚ್ಚುವ ಹೊತ್ತು ಅದು.

ವಿಷಯ ತಿಳಿದಾಗ ಬ್ಯಾರನ್ ಹತ್ತಿರ ಓಡಿದೆ. ಹಿಂದೊಮ್ಮೆ ಪಕ್ಕದ ಹೊಲದವರ ಬ್ಯಾರನ್‌ನಲ್ಲಿ ಒಲೆಯ ಬಿಸಿ ಹಾಯುವ ಕೊಳವೆಯ ಮೇಲೆ ಒಂದೇ ಒಂದು ಎಲೆ ಬಿದ್ದು, ಮಧ್ಯಾಹ್ನದೊಳಗೆ ಗೋಡೆ ಮಾತ್ರ ಉಳಿದಿತ್ತು.

"ತೆಗೀ ಅಪ್ಪಾ, ಬೆಂಕಿ ಇಡ್ಕಂಡ್ರೆ?"

"ಈಗ ಬಾಗಿಲು ತೆಗುದ್ರೆ ಸೊಪ್ಪು ಕೆಡ್ತದೆ. ಭದ್ರವಾಗಿ ಕಟ್ಟಿವ್ನಿ, ಬುಡವ್ವ."

ಆ ದಿನವೆಲ್ಲ ಊಟ ಸೇರಲಿಲ್ಲ. ಮತ್ತೆ ಮತ್ತೆ ಹೋಗಿ ಬಾಗಿಲ ಸಂದಿಯಲ್ಲಿ ಮೂಗಿಟ್ಟು ಸುಟ್ಟ ವಾಸನೆ ಬರುತ್ತಿದೆಯಾ ಎಂದು ನೋಡಿದೆ. ಏನೋ ಕೆಟ್ಟದ್ದಾಗುತ್ತದೆ ಎಂದು ಮನಸ್ಸು ಹೇಳುತ್ತಲೇ ಇತ್ತು. ಕೊನೆಗೆ ಅಂಗಿ ಹೊರಗೆ ಬಂದಾಗ ತುಸು ಹಳದಿಗೆ ತಿರುಗಿತ್ತು, ಘಾಟು ಹೊಡೆಯುತ್ತಿತ್ತು, ಆದರೆ ಎಲ್ಲೂ ಸುಟ್ಟಿರಲಿಲ್ಲ. ಬಚಾವಾದೆ ಅಂದುಕೊಂಡು ಮಡಿಸಿ ಬ್ಯಾಗಿಗೆ ತುರುಕಿದೆ. ಹಾಕಿ ನೋಡಬೇಕು ಎಂದು ಹೊಳೆಯಲೇ ಇಲ್ಲ.

ಪಂದ್ಯದ ದಿನ ನನ್ನ ವಿಭಾಗದಲ್ಲಿ ಇದ್ದದ್ದು ಇಬ್ಬರೇ: ನಾನು ಮತ್ತು ಬೆಳಗಾವಿ ಕಡೆಯ ಒಬ್ಬಳು. ಅವಳನ್ನು ಹಿಂದೆಯೂ ಸೋಲಿಸಿದ್ದೆ. ಅಂಗಿ ತೊಟ್ಟಾಗ ಭುಜ ಹಿಡಿದಂತಾಯಿತು. ಮಣಿಕಟ್ಟಿಗೆ ತಣ್ಣನೆ ಗಾಳಿ ತಾಗಿತು. ಅಂಗಿ ಕುಗ್ಗಿದೆ ಎಂದು ನನಗೆ ಆಗಲೇ ಗೊತ್ತಾಗಿಹೋಯಿತು.

ಅಖಾಡಕ್ಕೆ ಇಳಿಯುವ ಮುನ್ನ ತೋಳುಗಳನ್ನು ಮುಂದಕ್ಕೆ ಚಾಚಿ ನಿಲ್ಲಬೇಕು. ಅಂಗಿಯ ತೋಳು ಮಣಿಕಟ್ಟನ್ನು ಮುಟ್ಟದಿದ್ದರೆ ಎದುರಾಳಿಗೆ ಹಿಡಿಯಲು ಬಟ್ಟೆ ಸಿಗುವುದಿಲ್ಲ, ಹಾಗಾಗಿ ಒಳಗೆ ಬಿಡುವುದಿಲ್ಲ. ಹಿಂದೆ ಪಂದ್ಯ ನೋಡಲು ಬಂದಿದ್ದ ಅಪ್ಪ ಇದನ್ನು ಕಂಡು, "ಬಳೆ ತೊಡ್ಸಕ್ಕೆ ಕೈ ಚಾಚ್ದಂಗೆ ನಿಂತಿದ್ದಲ್ಲವ್ವ" ಎಂದು ನಕ್ಕಿದ್ದ.

ಪರೀಕ್ಷಿಸುವ ಹೆಂಗಸು ನನ್ನ ಕೈ ನೋಡಿ ತಲೆಯಾಡಿಸಿದರು. "ಬೇರೆ ಹಾಕ್ಕೊಂಡು ಬಾಮ್ಮ."

ಬೇರೆ ಎಲ್ಲಿಂದ ತರಲಿ? ಐವತ್ತು ಕೆಜಿಯ ಹುಡುಗಿಗೆ ಅಂಗಿ ಕಡ ಕೊಡಲು ಹತ್ತು ಜನ ಇರುತ್ತಾರೆ. ನನ್ನಂಥವಳಿಗೆ ಯಾರಿದ್ದಾರೆ? ಗಂಡಸರ ಭಾರೀ ತೂಕದವರ ಪಂದ್ಯ ಮರುದಿನ, ಅವರಿನ್ನೂ ಬಂದಿರಲಿಲ್ಲ. ನನ್ನ ಕೋಚ್ ಓಡಾಡಿ ಬೆವರು ಸುರಿಸಿದರು. ಕೊನೆಗೆ ಎದುರಾಳಿಯೇ ತನ್ನ ಇನ್ನೊಂದು ಅಂಗಿ ಹಿಡಿದು ಓಡಿಬಂದಳು. ಅವಳು ಗಿಡ್ಡ, ಅದು ನನ್ನದಕ್ಕಿಂತ ಮೋಟು. ಹೆಸರು ಕೂಗಿದರು, ಮತ್ತೆ ಕೂಗಿದರು. ಒಬ್ಬಳೇ ನಿಂತಿದ್ದ ಅವಳ ಕೈ ಎತ್ತಿಸಿ ಗೆದ್ದಳು ಎಂದರು. ನಾನು ಅಲ್ಲೇ ಕುಸಿದು ದೊಡ್ಡ ದನಿಯಲ್ಲಿ ಅತ್ತೆ.

ಊರಿಗೆ ಬರುವಷ್ಟರಲ್ಲಿ ಏನು ಹೇಳಬೇಕೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಅಪ್ಪ ಬ್ಯಾರನ್ ಮುಂದೆ ಸೌದೆ ಜೋಡಿಸುತ್ತಿದ್ದ.

"ಸೋತೆ ಕಣಪ್ಪ. ಅವಳು ಜೋರಾಗವ್ಳೆ."

ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಬ್ಯಾಗಿನಿಂದ ಅಂಗಿ ತೆಗೆದು ಕೊಡವಿದ. ಅದರ ಮೇಲೆ ಬೆವರಿನ ಕಲೆ ಇರಲಿಲ್ಲ, ಕಾಲರು ಮಡಿಸಿದ್ದು ಮಡಿಸಿದಂತೆಯೇ ಇತ್ತು. "ಕೈ ಚಾಚು" ಎಂದ. ನಾನು ಚಾಚಲಿಲ್ಲ. ತಾನೇ ನನ್ನ ತೋಳೆತ್ತಿ ಅಂಗಿಯ ತೋಳನ್ನು ಅದರ ಮೇಲಿಟ್ಟ. ಹಸಿ ಎಲೆ ಒಳಗೆ ಹೋಗಿ ಎಷ್ಟಾಗಿ ಹೊರಗೆ ಬರುತ್ತದೆ ಎಂದು ಜೀವಮಾನವೆಲ್ಲ ನೋಡಿದವನಿಗೆ ನಾನು ಇನ್ನೇನು ಬಿಡಿಸಿ ಹೇಳಬೇಕಿತ್ತು?

"ನಿನ್ನ ಆಡಕ್ಕೇ ಬುಡ್ನಿಲ್ವಾ ಮಗಾ?"

ನನಗೆ ಮತ್ತೆ ಸುಳ್ಳು ಹೇಳಲಾಗಲಿಲ್ಲ. ಇಲ್ಲ ಎಂದೆ.

ಮಾರನೆಯ ದಿನ ಟೀ ಅಂಗಡಿಯಲ್ಲಿ ಯಾರೋ ಅಪ್ಪನನ್ನು ತಡೆದು, ನಿನ್ ಮಗಳ್ನ ಕೆಡವೋರು ಉಟ್ಟುಬುಟ್ರಂತಲ್ಲಾ ಎಂದರಂತೆ. ಅಪ್ಪ ಟೀ ಲೋಟ ಕೆಳಗಿಟ್ಟು, "ಊಂ ಕಣ್ಲಾ, ಕೆಡವ್ದೋನು ನಾನೇಯ" ಎಂದು ಎದ್ದು ಬಂದನಂತೆ.